ಗಂಟೆಯಿಲ್ಲದ ಸೈಕಲ್ಲು

ನಡೆಯುವುದೂ ಒಂದು ಕಲೆಯೆಂದು ಹೊಗಳುವವರನ್ನು ನಾನು ಬಹಳ ಕಾಲ ನಂಬಿರಲಿಲ್ಲ. ತರಗತಿಯಿಂದ ತರಗತಿಗೆ, ಅಲ್ಲಿಂದ ಬಸ್ಸಿನ ನಿಲ್ದಾಣಕ್ಕೆ ಓಡಾಡುವ ಕನ್ನಡದ ಅಧ್ಯಾಪಕನಿಗೆ ನಡಿಗೆ ಕಲೆಯಲ್ಲ, ಕರ್ಮ. ಆದರೆ ನನಗೆ ಮೂವತ್ತೈದು ತುಂಬಿದ ವರ್ಷ ವೈದ್ಯರು ನನ್ನ ರಕ್ತದಲ್ಲಿ ಸಕ್ಕರೆಯನ್ನು ಕಂಡುಹಿಡಿದು, "ನಾಳೆಯಿಂದ ನಡೆಯಿರಿ" ಎಂದು ಅಪ್ಪಣೆ ಕೊಟ್ಟರು. ಮಾತಿನಲ್ಲಿ ಇಲ್ಲದ ಸಿಹಿ ರಕ್ತದಲ್ಲಿ ಎಲ್ಲಿಂದ ಬಂತೆಂದು ನನ್ನಾಕೆ ಆಶ್ಚರ್ಯಪಟ್ಟಳು. ಅಂದಿನಿಂದ ನಾನು ಪಾದಚಾರಿ.

ನಾವಿರುವುದು ಸೋಲದೇವನಹಳ್ಳಿಯಲ್ಲಿ. "ಊರಿನ ಹೆಸರಿನಲ್ಲೇ ಸೋಲಿದೆಯಲ್ಲ!" ಎಂದು ಗೆಳೆಯರು ಹಾಸ್ಯ ಮಾಡುವುದುಂಟು. ಸೋಲದ ದೇವನ ಹಳ್ಳಿಯೆಂದು ಬಿಡಿಸಿ ಹೇಳಿ ನಾನು ಅವರ ಬಾಯಿ ಮುಚ್ಚಿಸುತ್ತೇನೆ. ವ್ಯಾಕರಣ ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನ ಬೇಡವೆ? ಬೆಂಗಳೂರು ಈ ಊರಿನ ಋಣದಲ್ಲಿದೆ. 1894ರ ಸುಮಾರಿಗೆ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಕೆರೆಯನ್ನು ಕಟ್ಟಿದಾಗ, ಆ ನೀರನ್ನು ಸೋಲದೇವನಹಳ್ಳಿಗೆ ತಂದು, ಇಲ್ಲಿಯ ಉಗಿಯಂತ್ರಗಳಿಂದ ಮೇಲೆತ್ತಿ ಪಟ್ಟಣಕ್ಕೆ ಕಳುಹಿಸುತ್ತಿದ್ದರು. ಅಂದು ನಾವು ಪಟ್ಟಣಕ್ಕೆ ನೀರು ಕೊಟ್ಟೆವು. ಇಂದು ಪಟ್ಟಣ ನಮಗೆ ವಾಹನಗಳನ್ನು ಕೊಟ್ಟಿದೆ. ಇಲ್ಲಿಯ ರಸ್ತೆಯ ಮೇಲೆ ನಡೆದು ಆರೋಗ್ಯವನ್ನು ಗಳಿಸುವುದು ಸಾಹಸದ ಮಾತು. ಆದ್ದರಿಂದ ಭಾನುವಾರಗಳಂದು ತಂದೆಯವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೆಸರಘಟ್ಟದ ಕಡೆಗೆ ಹೋಗುವ ರೂಢಿ ಮಾಡಿಕೊಂಡೆ.

ಅಲ್ಲಿಯ ಹುಲ್ಲುಗಾವಲನ್ನು ನೋಡದವರಿಗೆ ಅದು ಬರಿಯ ಬಯಲು. ನೋಡಬಲ್ಲವರಿಗೆ ಅದೊಂದು ಸಂಸಾರ. ನೆಲದ ಮೇಲೆಯೇ ಗೂಡು ಮಾಡುವ ಹಕ್ಕಿಗಳು, ಅವನ್ನು ಹುಡುಕುವ ಗಿಡುಗಗಳು, ಚಳಿಗಾಲದಲ್ಲಿ ದೂರದೇಶದಿಂದ ಬರುವ ಅತಿಥಿಗಳು. 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಇಲ್ಲಿಯ 5,678 ಎಕರೆಯನ್ನು ಸಂರಕ್ಷಿತ ಪ್ರದೇಶವಾಗಿಸಲು ಒಪ್ಪಿಗೆ ಕೊಟ್ಟಿತು. ಆ ಸುದ್ದಿಯನ್ನು ತಂದೆಯವರಿಗೆ ಓದಿ ಹೇಳಿದಾಗ, "ಹುಲ್ಲಿಗೂ ಒಂದು ಕಾಲ ಬಂತು" ಎಂದರು.

ಆ ಬಯಲಿನ ಅಂಚಿನಲ್ಲಿ, ನೀಲಗಿರಿ ತೋಪಿನ ಮಗ್ಗುಲಲ್ಲಿ ಹಾಯುವ ಕಾಲುದಾರಿಯಲ್ಲಿ ನಮ್ಮ ಸಂಚಾರ. ನಮ್ಮಂತೆಯೇ ಸೈಕಲ್ಲಿನ ತರುಣರೂ ಅಲ್ಲಿಗೆ ಬರುತ್ತಿದ್ದರು. ಇವು ಹಾಲಿನವನ ಸೈಕಲ್ಲುಗಳಲ್ಲ. ದಪ್ಪ ಗಾಲಿ, ಮುಂಭಾಗದಲ್ಲಿ ಸ್ಪ್ರಿಂಗು, ಹತ್ತಾರು ಗೇರು; ಬೆಲೆ ನನ್ನ ಸ್ಕೂಟರಿನ ಬೆಲೆಯನ್ನು ಮೀರಿದ್ದು. ಅಷ್ಟು ಹಣ ಕೊಟ್ಟರೂ ಅದಕ್ಕೊಂದು ಗಂಟೆ ಮಾತ್ರ ಇರುವುದಿಲ್ಲ.

ಒಂದು ನವೆಂಬರಿನ ಬೆಳಗ್ಗೆ ದಾರಿ ತಿರುಗುವೆಡೆಯಲ್ಲಿ ಹಿಂದಿನಿಂದ 'ಸರ್' ಎಂದು ಏನೋ ಹಾದುಹೋಯಿತು. ಅದು ತಂದೆಯವರಿಗೆ ತಗುಲಲಿಲ್ಲ. ಆದರೆ ಬೆದರಿ ಪಕ್ಕಕ್ಕೆ ಹಾರಿದ ಎಪ್ಪತ್ತೆರಡರ ಕಾಲು ಕಲ್ಲೆಡವಿತು. ಅವರು ಬಲಗೈಯೂರಿ ಬಿದ್ದರು. ಸೈಕಲ್ಲನ್ನು ಬಿಸುಟು ಓಡಿಬಂದ ಹುಡುಗ ಶಿರಸ್ತ್ರಾಣವನ್ನು ತೆಗೆದ ಕೂಡಲೇ ಬಿಳುಚಿಕೊಂಡ. "ಸಾರ್, ನೀವಾ?" ಎರಡನೆಯ ವರ್ಷದ ಪದವಿ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂಡುವ ನನ್ನ ವಿದ್ಯಾರ್ಥಿ! ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕನ್ನಡದ ಎಂ.ಎ. ಪದವಿಗೆ ಅವು ಶೋಭೆ ತರುವಂಥವಲ್ಲ.

ಮಣಿಕಟ್ಟಿನ ಮೂಳೆ ಸೀಳಿತ್ತು. ಆರು ವಾರದಲ್ಲಿ ಅದು ಕೂಡಿತು. ಧೈರ್ಯ ಮಾತ್ರ ಕೂಡಲಿಲ್ಲ. ಪ್ರತಿ ಭಾನುವಾರ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದವರು, "ಇವತ್ತು ಮಂಡಿ ನೋಯುತ್ತದಪ್ಪ, ನೀನು ಹೋಗಿ ಬಾ" ಎನ್ನತೊಡಗಿದರು. ಮನೆಯ ಮುಂದೆ ಯಾವ ವಾಹನ ಹೋದರೂ ತಿರುಗಿ ನೋಡುವರು. ಅವರು ಒಂದೇ ಸಲಕ್ಕೆ ಮುದುಕರಾದುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಸಂಕಟ ಸಿಟ್ಟಾಯಿತು, ಸಿಟ್ಟು ಅರ್ಜಿಯಾಯಿತು.

ಅರ್ಜಿಯನ್ನು ಗಟ್ಟಿಯಾಗಿ ಕಟ್ಟಬೇಕೆಂದು ವಿಷಯಸಂಗ್ರಹಕ್ಕೆ ತೊಡಗಿದೆ. ಈ ಜಗಳ ನಮ್ಮೂರಿನದು ಮಾತ್ರವಲ್ಲವೆಂದು ಆಗ ತಿಳಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ 1976ರ ಅಕ್ಟೋಬರ್ 21ರಂದು ಕೆಲವು ತರುಣರು ಹಳೆಯ ಭಾರದ ಸೈಕಲ್ಲುಗಳನ್ನೇರಿ ಬೆಟ್ಟದ ಮಣ್ಣುದಾರಿಯಲ್ಲಿ ಪಂದ್ಯ ಕಟ್ಟಿ ಇಳಿದರಂತೆ. ಇಳಿಯುವಷ್ಟರಲ್ಲಿ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿದ್ದುದರಿಂದ, ಪ್ರತಿಸಲವೂ ಹೊಸದಾಗಿ ತುಂಬಬೇಕಾಗುತ್ತಿತ್ತು. ಆ ದಾರಿಗೆ 'ರಿಪ್ಯಾಕ್' ಎಂಬ ಹೆಸರು ಬಂದದ್ದೇ ಹಾಗೆ. ಇಪ್ಪತ್ತು ವರ್ಷಗಳಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ, ಅದು ಪದಕದ ಆಟವಾಯಿತು. ಆದರೆ ಅದು ಹುಟ್ಟಿದ ಬೆಟ್ಟಗಳಲ್ಲಿಯೇ ನಡೆಯುವವರಿಗೂ ಸೈಕಲ್ಲಿನವರಿಗೂ ವ್ಯಾಜ್ಯ ಬೆಳೆಯಿತು. ಸೈಕಲ್ಲಿಗೆ ಗಂಟೆಗೆ 15 ಮೈಲಿ, ಕುರುಡು ತಿರುವಿನಲ್ಲಿ 5 ಮೈಲಿ ಎಂದು ವೇಗಕ್ಕೆ ಮಿತಿ ಹಾಕಬೇಕಾಯಿತು. ಸೈಕಲ್ಲಿನವನು ನಡೆಯುವವನಿಗೆ ದಾರಿ ಬಿಡಬೇಕು, ಇಬ್ಬರೂ ಕುದುರೆಗೆ ದಾರಿ ಬಿಡಬೇಕು ಎಂಬುದು ಅಲ್ಲಿಯ ಪದ್ಧತಿ. ನನ್ನ ಅರ್ಜಿಗೆ ಇದು ಒಳ್ಳೆಯ ಆಧಾರವೆಂದುಕೊಂಡೆ.

ಆದರೆ ಇನ್ನೊಂದು ಸಂಗತಿ ನನ್ನ ಲೇಖನಿಯನ್ನು ತಡೆಯಿತು. ಬೆಂಗಳೂರಿನ ದಕ್ಷಿಣಕ್ಕೆ ತುರಹಳ್ಳಿಯ ಕಾಡಿದೆ. ಅಲ್ಲಿಯೂ ಒಂದೇ ದಾರಿಯಲ್ಲಿ ನಡೆಯುವವರೂ ಸೈಕಲ್ಲಿನವರೂ. 2021ರ ಮೊದಲ ತಿಂಗಳುಗಳಲ್ಲಿ ಆ ಕಾಡಿನಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ, ಇಬ್ಬರೂ ಒಟ್ಟಿಗೆ ನಿಂತು ವಿರೋಧಿಸಿದರು, ಯೋಜನೆ ನಿಂತುಹೋಯಿತು. ದಾರಿಗಾಗಿ ಜಗಳವಾಡುವವರು ಕಾಡಿಗಾಗಿ ಒಂದಾದರು. ಈ ಸಂಗತಿಯನ್ನು ನಾನು ಅರ್ಜಿಯಲ್ಲಿ ಬರೆಯಲಿಲ್ಲ. ವಾದಕ್ಕೆ ಒಗ್ಗದುದನ್ನು ಬಿಡುವುದು ಪಂಡಿತರಿಗೂ ರೂಢಿಯಲ್ಲವೆ?

ಸೈಕಲ್ಲುಗಳನ್ನು ಬಯಲಿನಿಂದ ಸಂಪೂರ್ಣವಾಗಿ ನಿಷೇಧಿಸಬೇಕೆಂಬ ನಾಲ್ಕು ಪುಟಗಳ ಅರ್ಜಿಯನ್ನು ತಂದೆಯವರ ಮುಂದೆ ಇಟ್ಟು ಸಹಿ ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು.

"ಚೆನ್ನಾಗಿ ಬರೆದಿದ್ದೀಯೆ. ಐವತ್ತು ವರ್ಷದ ಹಿಂದೆ ಬರೆದಿದ್ದರೆ ನನ್ನ ಅನ್ನ ಹೋಗುತ್ತಿತ್ತು" ಎಂದರು.

ತಂದೆಯವರು ತುಮಕೂರಿನ ಕಡೆಯ ಹಳ್ಳಿಗಳಲ್ಲಿ ಅಂಚೆ ಹಂಚುತ್ತಿದ್ದವರು. ಕಾಲುದಾರಿ, ಕೆರೆಯ ಏರಿ, ಬದುಗಳ ಮೇಲೆಲ್ಲ ಅವರ ಸೈಕಲ್ಲು ಓಡಾಡಿದೆ. ಇದು ನನಗೆ ಗೊತ್ತಿದ್ದುದೇ. ಅವರು ಮುಂದೆ ಹೇಳಿದ್ದು ಗೊತ್ತಿರಲಿಲ್ಲ.

"ಒಂದು ಸಲ ತೋಟದ ತಿರುವಿನಲ್ಲಿ ಒಬ್ಬ ಅಜ್ಜಿಯನ್ನು ಕೆಡವಿದೆ. ಗಂಟೆ ಕೆಟ್ಟು ತಿಂಗಳಾಗಿತ್ತು; ರಿಪೇರಿ ಮಾಡಿಸಿರಲಿಲ್ಲ. ತಲೆಯ ಮೇಲಿದ್ದ ಮೊಸರಿನ ಗಡಿಗೆ ಒಡೆಯಿತು. ಅವಳ ಮಗ ಕಳುಹಿಸಿದ ಮನಿಯಾರ್ಡರು ನನ್ನ ಚೀಲದಲ್ಲೇ ಇತ್ತು."

"ಬೈದಳೇ?"

"ಇಲ್ಲಪ್ಪ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ."

ಅರ್ಜಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಅದು ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಕಳುಹಿಸಲಿಲ್ಲವೆಂಬ ಹೆಮ್ಮೆ ನನಗಿಲ್ಲ. ಅದರಲ್ಲಿ ಬರೆದುದು ಅರ್ಧ ನಿಜವೇ. ಚಕ್ರದ ಮೇಲಿರುವವನ ತಪ್ಪಿಗೆ ಕಾಲಿನ ಮೇಲಿರುವವನು ಮೂಳೆ ತೆರಬೇಕು. ಆದ್ದರಿಂದ ಮೊದಲು ತಗ್ಗಬೇಕಾದವನು ಚಕ್ರದವನೇ. ಆದರೆ ಉಳಿದರ್ಧವನ್ನು ನಾನು ಬರೆದಿರಲಿಲ್ಲ. ನಾವು ನಾಲ್ಕೈದು ಮಂದಿ ಸ್ನೇಹಿತರು ಸಾಲಾಗಿ ದಾರಿಯ ಅಗಲಕ್ಕೂ ಹರಡಿ ಹರಟುತ್ತ ನಡೆದದ್ದುಂಟು. ಹಿಂದಿನಿಂದ ಯಾರಾದರೂ ಕೂಗಿದರೆ ಕೇಳಿಸದವರಂತೆ ಇದ್ದದ್ದೂ ಉಂಟು. ಮಳೆಯ ಮರುದಿನ ಅವರ ಗಾಲಿ ಹಸಿಮಣ್ಣಿನಲ್ಲಿ ಗೆರೆ ಕೊರೆಯುತ್ತದೆಂದು ದೂರಿದ ನಾನೇ, ಕೆಸರನ್ನು ತಪ್ಪಿಸಲು ಹುಲ್ಲನ್ನು ತುಳಿದು ಪಕ್ಕದಲ್ಲಿ ಎರಡನೆಯ ದಾರಿ ಮಾಡಿದವನು.

ಮಾರ್ಚಿಯಲ್ಲಿ ಆ ಹುಡುಗ ಮನೆಗೆ ಬಂದ. ಅವನು ಮೊದಲೂ ಎರಡು ಸಲ ಬಂದಿದ್ದನಂತೆ. ನಾನಿಲ್ಲದ ಹೊತ್ತು ನೋಡಿ! ತಂದೆಯವರು ಒಳಗಿನಿಂದ ಒಂದು ಹಳೆಯ ಗಂಟೆಯನ್ನು ತಂದರು. ಅವರ ನಿವೃತ್ತಿಯ ಬಳಿಕ ಸೈಕಲ್ಲನ್ನು ಮಾರಿದಾಗ ಬಿಚ್ಚಿಟ್ಟುಕೊಂಡದ್ದು. "ಇದು ನಿನ್ನ ಗಾಡಿಗೆ ಹಿಡಿಸುತ್ತದೆಯೇ ನೋಡು" ಎಂದರು. ಅವನು ಒಂದು ಗಂಟೆ ಹೊತ್ತು ಅಂಗಳದಲ್ಲಿ ಕುಳಿತು ಅದನ್ನು ಹ್ಯಾಂಡಲಿಗೆ ಕೂಡಿಸಿದ. ಲಕ್ಷದ ಸಮೀಪದ ಸೈಕಲ್ಲಿನ ಮೇಲೆ ತುಕ್ಕು ಹಿಡಿದ ಗಂಟೆ! ಆ ಭಾನುವಾರ ತಂದೆಯವರು ಚಪ್ಪಲಿ ಮೆಟ್ಟಿದರು.

ಏಪ್ರಿಲಿನ ಒಂದು ಬೆಳಗ್ಗೆ ನಾವು ಮೂವರೂ ಆ ದಾರಿಯಲ್ಲಿದ್ದೆವು. ಹುಡುಗ ಸೈಕಲ್ಲನ್ನು ತಳ್ಳಿಕೊಂಡು ಜೊತೆಗೆ ನಡೆಯುತ್ತಿದ್ದ. ಇದ್ದಕ್ಕಿದ್ದಂತೆ ಒಂದು ಟಿಟ್ಟಿಭ ನಮ್ಮ ತಲೆಯ ಮೇಲೆಯೇ ಸುತ್ತುತ್ತ ಅರಚತೊಡಗಿತು. ಕುರಿ ಕಾಯುವ ಮುದುಕನೊಬ್ಬ ದೂರದಿಂದ ಕೋಲೆತ್ತಿ, "ನಿಂತ್ಕಳಿ ಸೋಮಿ, ಮೊಟ್ಟೆ ಐತೆ!" ಎಂದು ಕೂಗಿದ. ನೋಡಿದರೆ ದಾರಿಯ ನಡುವೆಯೇ, ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳು. ಇನ್ನೆರಡು ಹೆಜ್ಜೆಗೆ ನನ್ನ ಬೂಟು ಅವುಗಳ ಮೇಲಿರುತ್ತಿತ್ತು. ಚಕ್ರವಲ್ಲ, ಬೂಟು.

"ನೀವು ದಾರಿಗೆ ಬರೋದು ಭಾನುವಾರ, ಅದು ಇಲ್ಲೇ ಇರೋದು" ಎಂದ ಮುದುಕ. ಆ ದಾರಿಯನ್ನು ಮಾಡಿದ್ದು ಅವನ ಕುರಿಗಳ ಗೊರಸು. ನಾವಿಬ್ಬರೂ ಅಲ್ಲವೆಂಬುದು ಆಗ ನನಗೆ ಹೊಳೆಯಿತು. ಹುಡುಗ ಮಾತಾಡದೆ ಸೈಕಲ್ಲನ್ನು ಹೆಗಲಿಗೆತ್ತಿಕೊಂಡ. ನಾವು ದೂರದಿಂದ ಬಳಸಿ ಹೋದೆವು. ಹಕ್ಕಿ ಇನ್ನೂ ಬೈಯುತ್ತಲೇ ಇತ್ತು.

ಮರಳುವಾಗ ಹುಡುಗ ಇನ್ನೊಂದು ಸುತ್ತು ಹಾಕಿ ಬರುತ್ತೇನೆಂದು ಹಿಂದೆ ಉಳಿದ. ನಾವು ತೋಪಿನ ಆ ತಿರುವಿಗೆ ಬಂದಿದ್ದೆವು. ತಂದೆಯವರು ಕಳೆದ ವರ್ಷ ಬಿದ್ದ ಜಾಗ. ದೂರದಲ್ಲಿ 'ಟ್ರಿಣ್ ಟ್ರಿಣ್' ಎಂದಿತು. ನಾನು ಬೆಚ್ಚಿ ಅವರ ತೋಳಿಗೆ ಕೈ ಹಾಕಿದೆ. ಅವರು ಹಿಂದಿರುಗಿ ನೋಡಲಿಲ್ಲ. ತಮ್ಮ ಮಾತನ್ನೂ ನಿಲ್ಲಿಸದೆ, ಒಂದು ಹೆಜ್ಜೆ ಎಡಕ್ಕೆ ಸರಿದು ನಡೆದರು.