ಅಕ್ಕ ಬಾಡು ಬಿಟ್ಟ ವರ್ಷ

ಹೊಸತೊಡಕಿನ ದಿನ ಬಾಡು ಬೇಡ ಅನ್ನುವವರು ನಮ್ಮೂರಿನಲ್ಲಿ ಇರಲಿಲ್ಲ. ಮಂಡ್ಯ ಸೀಮೆಯ ಒಕ್ಕಲು ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುಗಾದಿಯ ದಿನ ಬೇವು ಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಬಾಡು. ವರ್ಷವಿಡೀ ತಿಂಗಳಿಗಿಷ್ಟು ಎಂದು ಚೀಟಿ ಕಟ್ಟಿದ ಮನೆಗಳವರು ಸೇರಿ ಮರಿ ತಂದು, ಬೆಳಗಿನ ಜಾವವೇ ಕೊಯ್ದು, ತೋಟದಲ್ಲಿ ಬಾಳೆ ಎಲೆ ಹಾಸಿ ಗುಡ್ಡೆ ಹಾಕುತ್ತಿದ್ದರು. ಬೋಟಿ, ತಲೆಮಾಂಸ, ಕಾಲು, ಎಲ್ಲದರಲ್ಲೂ ಎಲ್ಲರಿಗೂ ಸಮಪಾಲು. ಅಪ್ಪ ನಮ್ಮ ಪಾಲಿನ ಗುಡ್ಡೆ ಹಿಡಿದು ಬರುವ ಹೊತ್ತಿಗೆ ಅವ್ವ ಮಸಾಲೆ ರುಬ್ಬಿ ಇಟ್ಟಿರುತ್ತಿದ್ದಳು.

ಅಂಥ ಒಂದು ಹೊಸತೊಡಕಿನ ಮಧ್ಯಾಹ್ನ, ಅತ್ತೆ ಮಾವ, ಚಿಕ್ಕಪ್ಪ ಚಿಕ್ಕಮ್ಮ ಎಲ್ಲ ಸಾಲಾಗಿ ಊಟಕ್ಕೆ ಕೂತಿದ್ದಾಗ, ಸಾರಿನ ಸೌಟು ತನ್ನ ತಟ್ಟೆಯ ಮೇಲೆ ಬಂದ ಕೂಡಲೇ ಅಕ್ಕ ಕೈ ಅಡ್ಡ ಹಿಡಿದಳು.

"ನಂಗೆ ಬೇಡ ಕಣವ್ವ. ಇನ್ ಮುಂದೆ ನಾನು ಬಾಡು ತಿನ್ನಲ್ಲ."

ಅವ್ವ ಮೊದಲು ಅವಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಅಕ್ಕ ಆಗ ಮಂಡ್ಯದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಯಾರೋ ಗೆಳತಿ ತಲೆ ಕೆಡಿಸಿರಬೇಕು ಎಂದು ಚಿಕ್ಕಪ್ಪ ಅಂದರು. ಅತ್ತೆಯ ಚಿಂತೆಯೇ ಬೇರೆ. "ನಾಳೆ ಬೀಗರೂಟದಲ್ಲಿ ಮದ್ವೆಣ್ಣೇ ತಟ್ಟೆ ಮುಂದೆ ಸುಮ್ನೆ ಕೂತಿದ್ರೆ ಗಂಡಿನ ಕಡೆಯೋರು ಏನಂದಾರು?" ನಮ್ಮ ಕಡೆ ಮದುವೆಯ ದಿನದ ಊಟ ಸಸ್ಯಾಹಾರ, ಆಮೇಲಿನ ಬೀಗರೂಟ ಬಾಡಿನೂಟ. ಎರಡು ಮನೆಗಳು ಬೀಗರಾದದ್ದು ಗಟ್ಟಿಯಾಗುವುದೇ ಆ ಪಂಕ್ತಿಯಲ್ಲಿ. ಅತ್ತೆಯ ಮಾತು ಹಗುರವಾದದ್ದಾಗಿರಲಿಲ್ಲ.

ಅಕ್ಕ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. "ಯಾರೂ ಹೇಳ್ಕೊಟ್ಟಿಲ್ಲ. ತಿನ್ನೋರ್ನ ನಾನೇನೂ ಅನ್ನಲ್ಲ. ನನ್ ಮನಸ್ಸು ಒಪ್ತಾ ಇಲ್ಲ, ಅಷ್ಟೆ."

ಅವಳ ಆ ಎರಡನೆಯ ಮಾತಿನ ಬೆಲೆ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ನಮ್ಮ ನಾಡಿನಲ್ಲಿ ಯಾರು ಏನು ತಿನ್ನುತ್ತಾರೆ ಎಂಬುದನ್ನು ಹಿಡಿದು ಮನುಷ್ಯರನ್ನು ಮೇಲೆ ಕೆಳಗೆ ಕೂರಿಸಿದ ಇತಿಹಾಸ ಉದ್ದವಾಗಿದೆ. ಬಾಡಿಗೆ ಮನೆ ಕೇಳಲು ಹೋದವರಿಗೆ ಮೊದಲ ಪ್ರಶ್ನೆ ಅದೇ ಆಗಿರುವುದನ್ನು ನಾನೇ ಕಂಡಿದ್ದೇನೆ. ಸಸ್ಯಾಹಾರ ಇನ್ನೊಬ್ಬರ ತಟ್ಟೆಯನ್ನು ಕೀಳಾಗಿ ನೋಡುವುದಕ್ಕೆ ನೆಪವಾದರೆ ಅದು ಹಿಡಿಯತಕ್ಕ ವ್ರತವಲ್ಲ. ಅಕ್ಕ ಎಂದೂ ಮೂಗು ಮುಚ್ಚಲಿಲ್ಲ, ಬೇರೆ ಪಾತ್ರೆ ಕೇಳಲಿಲ್ಲ, ಪಂಕ್ತಿ ಬಿಟ್ಟು ಏಳಲಿಲ್ಲ. ಅವತ್ತೂ ಎಲ್ಲರ ನಡುವೆಯೇ ಕೂತು ಮಜ್ಜಿಗೆ ಅನ್ನ ಕಲಸಿ ತಿಂದಳು. ಅಪ್ಪ ಮಾತ್ರ ಏನೂ ಅನ್ನಲಿಲ್ಲ. ಚೀಟಿ ಕಟ್ಟಿ, ಸಾಲಿನಲ್ಲಿ ನಿಂತು ಮಗಳಿಗೆಂದು ಒಳ್ಳೆಯ ತುಂಡು ಆರಿಸಿ ತಂದಿದ್ದವರು ಅವರು. ಕೈ ತೊಳೆದು ಹಿತ್ತಲಿಗೆ ಹೋದರು.

ಮುಂದಿನ ಎರಡು ಮೂರು ತಿಂಗಳು ಅಕ್ಕ ತಿಂದದ್ದನ್ನು ಊಟ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅವ್ವನಿಗೆ ದನ, ಗದ್ದೆ, ಮನೆ. ಬಾಡು ಬೇಯಿಸಿದ ದಿನ ಇವಳಿಗೊಂದು ಟೊಮೆಟೊ ತಿಳಿಸಾರು ಇಟ್ಟರೆ ಅದೇ ದೊಡ್ಡದು. ಎಷ್ಟೋ ದಿನ ಅದೂ ಇಲ್ಲ, ಅನ್ನ ಉಪ್ಪಿನಕಾಯಿ. ಮೊಟ್ಟೆಯನ್ನೂ ಬಿಟ್ಟಿದ್ದಳು. ತಾನೇ ಬೇಡವೆಂದವಳು ಇನ್ನೇನು ಕೇಳುವುದು ಎಂಬ ಸಂಕೋಚ ಅವಳಿಗೆ. ತಾನೇ ದಾರಿಗೆ ಬರುತ್ತಾಳೆ ಎಂಬ ಎಣಿಕೆ ಅವ್ವನಿಗೆ. ಕಾಲೇಜಿನಲ್ಲಿ ಹಸಿವಾದರೆ ಕಾಫಿ, ಬಿಸ್ಕತ್ತು. ಮಳೆ ಹಿಡಿಯುವ ಹೊತ್ತಿಗೆ ಅವಳು ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಬಂದು ಜಗಲಿಯ ಮೇಲೆ ಕೂತರೆ ಏಳುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚು.

ಪೇಟೆಯ ಲೇಡಿ ಡಾಕ್ಟರ ಹತ್ತಿರ ಅಪ್ಪನೇ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ ಒಂಬತ್ತರ ಆಸುಪಾಸು ಇತ್ತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಲೆಕ್ಕ. "ನೋಡಿ, ಮಾಂಸ ಬಿಟ್ಟಿದ್ದಕ್ಕೇ ಹಿಂಗಾಯ್ತು" ಎಂದು ಅಪ್ಪ ಶುರು ಮಾಡುವಷ್ಟರಲ್ಲಿ ಡಾಕ್ಟರು ತಡೆದರು. ವಾರಕ್ಕೊಂದು ಸಲ ತಿನ್ನುವ ಬಾಡಿನಿಂದ ರಕ್ತ ತುಂಬುವುದಿಲ್ಲ, ತಿನ್ನುವ ಮನೆಗಳಿಂದಲೂ ಇಂಥ ಹೆಣ್ಣುಮಕ್ಕಳು ದಿನವೂ ಬರುತ್ತಾರೆ ಎಂದರು. ಅದು ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಇಷ್ಟೂ ಮಂದಿ ಮಾಂಸ ಬಿಟ್ಟವರಲ್ಲ.

ಆಮೇಲೆ ಅಕ್ಕನ ಕಡೆ ತಿರುಗಿ, "ಬಿಟ್ಟಿದ್ದು ಸರಿ. ಅದರ ಜಾಗಕ್ಕೆ ಏನು ತಂದ್ಯಮ್ಮ?" ಎಂದು ಕೇಳಿದರು. ಅಕ್ಕನ ಬಳಿ ಉತ್ತರವಿರಲಿಲ್ಲ. ಕಬ್ಬಿಣದ ಮಾತ್ರೆ ಬರೆದು, ಕಾಳು, ಸೊಪ್ಪು, ಹಾಲು ಎಂದು ಹೇಳಿ, ಊಟದ ಜೊತೆಗೇ ಕಾಫಿ ಟೀ ಕುಡಿಯಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಒಂದು ಗಂಟೆ ಅಂತರ ಇಡು, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೋ ಎಂದರು.

ಆ ವಾರವೇ ಅಜ್ಜಿ ಮೈಸೂರಿನ ದೊಡ್ಡಪ್ಪನ ಮನೆಯಿಂದ ಬಾಣಂತನ ಮುಗಿಸಿಕೊಂಡು ಊರಿಗೆ ಬಂದಳು. ಅಕ್ಕನ ಮುಖ ನೋಡಿದಳು, ತಟ್ಟೆ ನೋಡಿದಳು, ನೇರ ಅವ್ವನನ್ನು ತರಾಟೆಗೆ ತೆಗೆದುಕೊಂಡಳು.

"ಬಾಡ್ ಬಿಟ್ರೆ ಬಿಡ್ಲಿ, ಊಟ ಯಾಕ್ ಬಿಡ್ಸಿದ್ದೀಯೆ? ಶ್ರಾವಣದಲ್ಲಿ ಒಂದ್ ತಿಂಗ್ಳು ನಾವೇನ್ ಉಪಾಸ ಬಿದ್ದಿರ್ತೀವಾ? ಸೋಮಾರ, ಶನಿವಾರ ಏನ್ ಮಣ್ಣು ತಿಂತೀವಾ?"

ಇಡೀ ಮನೆಯಲ್ಲಿ ಯಾರಿಗೂ ಹೊಳೆಯದಿದ್ದ ಮಾತು ಅದು. ಸೋಮವಾರ ಮುಟ್ಟುವುದಿಲ್ಲ, ಶನಿವಾರ ಮುಟ್ಟುವುದಿಲ್ಲ, ಶ್ರಾವಣ ಪೂರ್ತಿ ಮುಟ್ಟುವುದಿಲ್ಲ. ಹಾಗಿದ್ದೂ ಮಗಳು ಸಸ್ಯಾಹಾರಿ ಎಂದರೆ ಏನು ಬೇಯಿಸುವುದು ಎಂದು ಕಂಗಾಲಾಗಿದ್ದೆವು. ನಮ್ಮ ಬಾಡಿನ ಸಾರಿಗೆ ಎಷ್ಟು ವಯಸ್ಸೋ, ಉಪ್ಸಾರಿಗೂ ಬಸ್ಸಾರಿಗೂ ಅಷ್ಟೇ ವಯಸ್ಸು.

ಅವತ್ತು ರಾತ್ರಿಯೇ ಅಜ್ಜಿ ಹುರುಳಿ ನೆನೆಹಾಕಿದಳು. ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಬಿಗಿದು, ಮೇಲೆ ಕಲ್ಲು ಹೇರಿ ಮೂಲೆಯಲ್ಲಿಟ್ಟಳು. ಮರುದಿನ ಬಟ್ಟೆಯ ಎಳೆ ತೂರಿ ಮೊಳಕೆ ಬಂದಿತ್ತು. ಚಕ್ಕೆ, ಲವಂಗ, ಗಸಗಸೆ, ಧನಿಯ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕಾಯಿ, ಹೀಗೆ ಬಾಡಿಗೆ ಹಾಕುವ ಮಸಾಲೆಯನ್ನೇ ಒಂದಿಷ್ಟೂ ಕಡಿಮೆ ಮಾಡದೆ ರುಬ್ಬಿಸಿ, ಮೊಳಕೆ ಹುರುಳಿಗೆ ಬದನೆಕಾಯಿ, ಆಲೂಗಡ್ಡೆ ಸೇರಿಸಿ ಸಾರು ಕುದಿಸಿದಳು. ಮನೆಯೆಲ್ಲ ಅದೇ ಘಮ. ಅಕ್ಕ ಎರಡು ಮುದ್ದೆ ನುಂಗಿದಳು. ತಾನು ಇಷ್ಟು ದಿನ ಹಂಬಲಿಸಿದ್ದು ಮಾಂಸಕ್ಕಲ್ಲ, ಈ ಮಸಾಲೆಗೆ ಎಂದು ಅವಳು ಆಮೇಲೆ ನನಗೆ ಹೇಳಿದಳು. ಹೊಸದಾಗಿ ಬಿಟ್ಟವರಲ್ಲಿ ಬಹಳ ಮಂದಿಗೆ ಹೀಗೇ ಇರುತ್ತದೆ ಎಂದು ನನ್ನ ನಂಬಿಕೆ. ಸಪ್ಪೆ ಊಟಕ್ಕೆ ಕೂತವರು ಬೇಗ ಹಿಂದಕ್ಕೆ ಹೋಗುತ್ತಾರೆ.

ಮೊಳಕೆ ಕಟ್ಟುವುದು ಯಾಕೆಂದು ಕೇಳಿದರೆ ಅಜ್ಜಿ, "ವಾಯು ಕಮ್ಮಿ, ಮೈಗೆ ಹತ್ತುತ್ತೆ" ಎನ್ನುತ್ತಿದ್ದಳು. ಕಾಳಿನಲ್ಲಿ ಫೈಟೇಟ್ ಎಂಬ ಅಂಶವಿದೆ. ಕಬ್ಬಿಣ, ಸತು ಇವುಗಳನ್ನು ಅದು ಹಿಡಿದಿಟ್ಟು ಕರುಳಿಗೆ ಸಿಗದಂತೆ ಮಾಡುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ಅಜ್ಜಿ ಶಾಲೆಯ ಮುಖ ಕಂಡವಳಲ್ಲ, ಅವಳ ಮಾತು ಮಾತ್ರ ಪರೀಕ್ಷೆಯಲ್ಲಿ ಗೆದ್ದ ಮಾತು.

ಮಳೆ ಬಿದ್ದು ಹೊಲ ಹಸಿರಾದ ಮೇಲೆ ಅವಳು ಅಕ್ಕನನ್ನೇ ಕರೆದುಕೊಂಡು ಬೆರಕೆ ಸೊಪ್ಪಿಗೆ ಹೊರಟಳು. ಕೀರೆ, ಅಣ್ಣೆ, ಗಣಿಕೆ, ಹೊನಗೊನೆ, ರಾಗಿ ಹೊಲದ ಬದುವಿನಲ್ಲಿ ತಾವಾಗಿ ಬರುವ ಹತ್ತಾರು ಬಗೆ. ಯಾವುದನ್ನು ಚಿವುಟಬೇಕು, ಯಾವುದನ್ನು ಬಿಡಬೇಕು, ಎಷ್ಟು ಎಳೆಯದು ಬೇಕು ಎಂದು ತೋರಿಸಿಕೊಟ್ಟಳು. ಒಂದು ದಿನ ಅದು ಮಸ್ಸೊಪ್ಪು, ಇನ್ನೊಂದು ದಿನ ಬಸ್ಸಾರು. ಬಸ್ಸಾರು ನನ್ನ ಕಣ್ಣಿಗೆ ಜಾಣ ಅಡುಗೆಗಳಲ್ಲೆಲ್ಲ ಜಾಣ ಅಡುಗೆ. ತೊಗರಿಬೇಳೆ, ಸೊಪ್ಪು ಒಟ್ಟಿಗೆ ಬೇಯಿಸಿ ಕಟ್ಟು ಬಸಿದರೆ ಆ ಕಟ್ಟಿಗೆ ಖಾರ ಹಾಕಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ, ಬೇಯಿಸಿದ ನೀರಿನಲ್ಲಿ ಹೋದ ಸತ್ವವೂ ಹೊಟ್ಟೆಗೇ.

ಹಾಲಿನ ವಿಷಯಕ್ಕೆ ಮಾತ್ರ ಮನೆಯಲ್ಲಿ ಜಗಳವಾಯಿತು. ಕರೆದ ಹಾಲೆಲ್ಲ ಡೈರಿಗೆ ಹೋಗುತ್ತಿತ್ತು, ಮನೆಗೆ ಉಳಿಯುತ್ತಿದ್ದದ್ದು ಕಾಫಿಗಾಗುವಷ್ಟು. ಹಳ್ಳಿಯ ಬಹುಪಾಲು ಮನೆಗಳ ಕಥೆ ಇದೇ, ಹಸು ಕಟ್ಟಿದವರ ಮಕ್ಕಳಿಗೇ ಮೊಸರಿಲ್ಲ. ಅಜ್ಜಿ ಅರ್ಧ ಲೀಟರು ತೆಗೆದಿಡಲು ಹೇಳಿದಳು. ಬಟವಾಡೆ ಕಡಿಮೆಯಾಗುತ್ತದೆ ಎಂದು ಅಪ್ಪ ಗೊಣಗಿದರು. "ಮಗು ಮುಖ್ಯನೋ ಬಟವಾಡೆ ಮುಖ್ಯನೋ ಹೇಳ್ಬುಡು" ಎಂದಳು. ಅಲ್ಲಿಗೆ ಮುಗಿಯಿತು. ಸೊಪ್ಪು ಕಾಳುಗಳಲ್ಲಿ ಬಿ12 ಜೀವಸತ್ವ ಇಲ್ಲ. ಮಾಂಸ, ಮೊಟ್ಟೆ ಬಿಟ್ಟವರಿಗೆ ಅದು ಸಿಗುವುದು ಹಾಲು ಮೊಸರಿನಿಂದ, ಇಲ್ಲವೇ ಮಾತ್ರೆಯಿಂದ. ಪಿತ್ತಜನಕಾಂಗ ಅದನ್ನು ವರ್ಷಗಟ್ಟಲೆ ಕೂಡಿಟ್ಟುಕೊಳ್ಳುವುದರಿಂದ ಕೊರತೆ ತಡವಾಗಿ ಕಾಣಿಸುತ್ತದೆ. ಕೈಕಾಲು ಜೋಮು ಹಿಡಿಯುವುದು, ಮರೆವು, ವಿಪರೀತ ಸುಸ್ತು ಬಂದ ಮೇಲೆ ಎಚ್ಚರಾಗುವವರೇ ಹೆಚ್ಚು.

ಅಪ್ಪ ಬದಲಾದದ್ದು ಸದ್ದಿಲ್ಲದೆ. ಸಂತೆಯಿಂದ ಬರುವಾಗ ಅವರ ಚೀಲದಲ್ಲಿ ಅಲಸಂದೆ, ಕಡಲೆಕಾಯಿ, ಹುಚ್ಚೆಳ್ಳು ಬರತೊಡಗಿದವು. ಗುಡುಗು ಮಳೆಯ ಮಾರನೆಯ ಬೆಳಿಗ್ಗೆ ಹುತ್ತದ ಬುಡದಲ್ಲೆದ್ದ ಅಣಬೆಯನ್ನು ಟವಲಿನಲ್ಲಿ ಕಟ್ಟಿಕೊಂಡು ಬಂದರು. ಅಜ್ಜಿ ಒಂದೊಂದನ್ನೂ ತಿರುಗಿಸಿ ನೋಡಿ ಒಪ್ಪಿದ ಮೇಲೇ ಒಲೆಗೆ. ಶ್ರಾವಣ ಬಂದಾಗ ಇಡೀ ಮನೆಯೇ ಅಕ್ಕನ ಪಂಕ್ತಿಗೆ ಸೇರಿತು. ಮಾಗಿಯಲ್ಲಿ ಸೊಗಡು ಅವರೆ ಬಂದಾಗ ಹಿದುಕಿದ ಬೇಳೆ ಸಾರಿಗೆ ಎಲ್ಲರೂ ಒಲೆ ಸುತ್ತ ಕೂತು ಕಾಳು ಹಿದುಕುತ್ತಿದ್ದೆವು, ಅಪ್ಪನೂ ಸೇರಿ. ಅಷ್ಟು ಹೊತ್ತಿಗೆ ಅಕ್ಕನ ಹಿಮೋಗ್ಲೋಬಿನ್ 12 ದಾಟಿತ್ತು. ಅದರಲ್ಲಿ ಮಾತ್ರೆಯ ಪಾಲೂ ಇದೆ, ಅಜ್ಜಿಯ ಪಾಲೂ ಇದೆ.

ಗಾಂಧೀಜಿಯ ಆತ್ಮಕಥೆ ಓದಿದಾಗ ಅಕ್ಕನ ಆ ಮೊದಲ ತಿಂಗಳುಗಳೇ ನನ್ನ ಕಣ್ಣ ಮುಂದೆ ಬಂದವು. 1888ರಲ್ಲಿ ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಲಂಡನ್ನಿಗೆ ಹೋದ ಹುಡುಗ, ಬೆಳಿಗ್ಗೆ ಓಟ್ಸ್ ಗಂಜಿ ಬಿಟ್ಟರೆ ಉಳಿದ ಹೊತ್ತು ಅರೆಹೊಟ್ಟೆ. ಬ್ರೆಡ್ಡು, ಬೇಯಿಸಿದ ಸೊಪ್ಪು. ಮಾತು ಗಟ್ಟಿಯಿತ್ತು, ತಟ್ಟೆ ಖಾಲಿಯಿತ್ತು. ಅಲೆದು ಅಲೆದು ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲು ಸಿಕ್ಕಿತು. ಬಾಗಿಲ ಬಳಿ ಮಾರಾಟಕ್ಕಿಟ್ಟಿದ್ದ, ಸಸ್ಯಾಹಾರದ ಪರ ಬರೆದ ಹೆನ್ರಿ ಸಾಲ್ಟ್‌ನ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು ಒಳಗೆ ಹೋಗಿ, ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಬಾರಿ ಹೊಟ್ಟೆ ತುಂಬ ಉಂಡರು. ಅಲ್ಲಿಯವರೆಗೆ ತಾಯಿಗಾಗಿ ಸಸ್ಯಾಹಾರಿ, ಆ ಪುಸ್ತಕ ಓದಿದ ಮೇಲೆ ತಮ್ಮದೇ ಆಯ್ಕೆಯಿಂದ. ಹೊಟ್ಟೆ ತುಂಬಿದ ದಿನವೇ ವಿಚಾರಕ್ಕೂ ಬಾಗಿಲು ತೆರೆದದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ.

ಅತ್ತೆ ಹೆದರಿದ್ದ ಬೀಗರೂಟವೂ ಬಂತು. ಅಪ್ಪ ಮಾತುಕತೆಯ ದಿನವೇ ಗಂಡಿನ ಕಡೆಯವರಿಗೆ, "ನಮ್ ಹುಡ್ಗಿ ಬಾಡು ತಿನ್ನಲ್ಲ, ಮನೆಲಿ ಮಾಡೋದಕ್ಕೆ ಅವಳ ಅಡ್ಡಿ ಇಲ್ಲ" ಎಂದು ಹೇಳಿಬಿಟ್ಟಿದ್ದರು. ಆ ದಿನ ಅಕ್ಕನ ಅತ್ತೆ ತಾವೇ ನಿಂತು ಅವಳಿಗೆ ಮೊಳಕೆ ಹುರುಳಿ ಸಾರು, ಮುದ್ದೆ ಬಡಿಸಿದರು. ಈಗ ಅಕ್ಕನ ಮನೆಯಲ್ಲಿ ಎರಡೂ ಬೇಯುತ್ತವೆ. ಅವಳ ಮಗ ಬಾಡು ತಿನ್ನುತ್ತಾನೆ, ಮಗಳು ತಿನ್ನುವುದಿಲ್ಲ.

ಹೊಸದಾಗಿ ಸಸ್ಯಾಹಾರಕ್ಕೆ ಬರುತ್ತಿರುವವರು ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟು. ದಿನವೂ ಮುದ್ದೆಯ ಜೊತೆ, ರೊಟ್ಟಿಯ ಜೊತೆ, ಅನ್ನದ ಜೊತೆ ಕಾಳೋ ಬೇಳೆಯೋ ಇರಲಿ. ಧಾನ್ಯದಲ್ಲಿ ಕೊರತೆಯಾಗುವ ಪ್ರೋಟೀನಿನ ಅಂಶವನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಧಾನ್ಯ. ಕಾಳು ರೂಢಿಯಿಲ್ಲದ ಹೊಟ್ಟೆಗೆ ಮೊದಲು ಸ್ವಲ್ಪವೇ ಕೊಡಿ. ಹಾಲು ಮೊಸರನ್ನೂ ಬಿಡುವವರಿದ್ದರೆ ಬಿ12 ಬಗ್ಗೆ ಮೊದಲೇ ವೈದ್ಯರೊಡನೆ ಮಾತಾಡಿ, ಸುಸ್ತು ಬರಲೆಂದು ಕಾಯಬೇಡಿ. ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ, ಶ್ರಾವಣದ ತಿಂಗಳಿಡೀ ನೀವು ಏನೇನು ಅಡುಗೆ ಮಾಡುತ್ತಿದ್ದಿರಿ ಎಂದು ಕೇಳಿ, ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಇವತ್ತು ರಾತ್ರಿ ಮಲಗುವ ಮುಂಚೆ ಒಂದು ಪಾವು ಹುರುಳಿ ನೆನೆಹಾಕಿ.