ಹಿಂದಿನ ಪುಟದ ಮೊತ್ತ

ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ ಗುಮಾಸ್ತನಾಗಿ. ಕಂಪ್ಯೂಟರ್ ಬರುವ ಮೊದಲು ದಪ್ಪ ಲೆಡ್ಜರುಗಳಲ್ಲಿ ಒಂದು ಪುಟದ ಮೊತ್ತವನ್ನು ಮುಂದಿನ ಪುಟದ ತಲೆಯಲ್ಲಿ ಬರೆದು ಕೂಡುತ್ತಿದ್ದೆವು. ಅಲ್ಲಿ ಒಂದು ಅಂಕಿ ತಪ್ಪಿದರೆ ಮುಂದಿನ ಪುಟಗಳೆಲ್ಲ ತಪ್ಪು. ನಿವೃತ್ತನಾದ ಮೇಲೆ ಭೂಪಟಗಳ ಕಥೆ ಓದುವ ಹುಚ್ಚು ಹತ್ತಿತು. ಅಲ್ಲಿಯೂ ಇಂಥದೇ ಒಂದು ಲೆಕ್ಕ ಕಂಡೆ.

ಕ್ರಿ.ಪೂ. 240ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಎರಟೋಸ್ತನೀಸ್ ಎಂಬ ಗ್ರೀಕ್ ಪಂಡಿತನಿದ್ದ. ದಕ್ಷಿಣದ ಸೈಯೀನ್ ಎಂಬ ಊರಿನಲ್ಲಿ ವರ್ಷಕ್ಕೊಂದು ದಿನ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ ಎಂದು ಅವನು ಕೇಳಿದ್ದ. ಅದೇ ದಿನ ಅಲೆಕ್ಸಾಂಡ್ರಿಯದಲ್ಲಿ ನೆರಳು ಬೀಳುತ್ತಿತ್ತು. ಅದರ ಕೋನ ಅಳೆದ. ವೃತ್ತದ 50ರಲ್ಲಿ ಒಂದು ಪಾಲು. ಎರಡು ಊರುಗಳ ನಡುವಿನ ದೂರ ಗ್ರೀಕರ ಅಳತೆಯಲ್ಲಿ 5,000 ಸ್ಟೇಡಿಯ. ಮಕ್ಕಳೇ, 50ರಿಂದ ಗುಣಿಸಿ ನೋಡಿ. 2,50,000 ಸ್ಟೇಡಿಯ! ಅದೇ ಭೂಮಿಯ ಸುತ್ತಳತೆ. ಇಂದಿನ ಲೆಕ್ಕಕ್ಕೆ ಹತ್ತಿರವೇ ಇದೆ.

ಸುಮಾರು 400 ವರ್ಷಗಳ ನಂತರ ಅದೇ ಊರಿನಲ್ಲಿದ್ದ ಟಾಲೆಮಿ ಒಂದು ಭೂಗೋಳ ಗ್ರಂಥ ಬರೆದ. ಸುಮಾರು 8,000 ಸ್ಥಳಗಳಿಗೆ ಅಕ್ಷಾಂಶ, ರೇಖಾಂಶ ಕೊಟ್ಟ. ಅದರಲ್ಲಿ ನಮ್ಮ ಬನವಾಸಿಯನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಭೂಮಿಯ ಸುತ್ತಳತೆಗೆ ಅವನು ಇಟ್ಟುಕೊಂಡದ್ದು 1,80,000 ಸ್ಟೇಡಿಯ ಎಂಬ ಚಿಕ್ಕ ಅಂಕಿ. ಏಷ್ಯಾವನ್ನು ಪೂರ್ವಕ್ಕೆ ವಿಪರೀತ ಎಳೆದ. ಹಿಂದೂ ಮಹಾಸಾಗರದ ಸುತ್ತ ನೆಲ ಬರೆದು ಅದನ್ನು ಕೆರೆಯಂತೆ ಮುಚ್ಚಿಬಿಟ್ಟ.

1400ರ ನಂತರ ಈ ಗ್ರಂಥ ಲ್ಯಾಟಿನ್ ಭಾಷೆಗೆ ಬಂತು. ಗೆರೆಗಳ ಜಾಲದ ಮೇಲೆ, ಉತ್ತರ ದಿಕ್ಕು ಮೇಲಿರುವಂತೆ ಭೂಪಟ ಬರೆಯುವುದನ್ನು ಯುರೋಪಿನವರು ಅದರಿಂದ ಕಲಿತರು. ತಪ್ಪುಗಳೂ ಜೊತೆಗೇ ಬಂದವು. ಕೊಲಂಬಸ್ ಭೂಮಿಯನ್ನು ಇನ್ನಷ್ಟು ಚಿಕ್ಕದು ಮಾಡಿಕೊಂಡು 1492ರಲ್ಲಿ ಜಪಾನಿನತ್ತ ಹೊರಟ. ನಿಜವಾದ ದೂರ ಅವನ ಲೆಕ್ಕದ ನಾಲ್ಕು ಪಟ್ಟಿಗೂ ಹೆಚ್ಚು! ನಡುವೆ ಅಮೆರಿಕ ಅಡ್ಡ ಬರದಿದ್ದರೆ, ಅವನನ್ನು ನಂಬಿ ಹೋದ ನಾವಿಕರು ಅನ್ನ ನೀರಿಲ್ಲದೆ ಸಾಯುತ್ತಿದ್ದರು.

ಟಾಲೆಮಿಯ 'ಕೆರೆ' ಏನಾಯಿತು? 1488ರಲ್ಲಿ ಡಯಾಸ್ ಆಫ್ರಿಕಾದ ತುದಿ ಸುತ್ತಿದ. 1498ರಲ್ಲಿ ವಾಸ್ಕೋ ಡ ಗಾಮ ಅದೇ ದಾರಿಯಲ್ಲಿ ಕಲ್ಲಿಕೋಟೆಗೆ ಬಂದ. ಹೋಗಿ ನೋಡಿದ ಮೇಲೆ ಭೂಪಟ ತಿದ್ದಿತು.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು "ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರೆ ಗದರಬೇಡಿ. ದೊಡ್ಡವರು ಬರೆದ ಮೊತ್ತವನ್ನೂ ಒಮ್ಮೆ ಕೂಡಿ ನೋಡಬೇಕು. ಮಕ್ಕಳೇ, ಅಂಗಳದಲ್ಲಿ ಒಂದು ಕೋಲು ನೆಟ್ಟು ನಡುಮಧ್ಯಾಹ್ನದ ನೆರಳನ್ನು ಅಳೆಯುತ್ತಾ ಬನ್ನಿ. ನಮ್ಮ ನಾಡಿನಲ್ಲಿ ವರ್ಷಕ್ಕೆ ಎರಡು ದಿನ ಅದು ಮಾಯವಾಗುತ್ತದೆ. ಯಾವ ದಿನ ಎಂದು ನೀವೇ ಕಂಡುಹಿಡಿಯಿರಿ.