ವಿದ್ಯಾರ್ಥಿ ನಾಯಕರ ಪಟ್ಟಿಯಲ್ಲಿ ನಮ್ಮ ಹುಡುಗರು ಯಾಕಿಲ್ಲ?



ಶಿಕಾರಿಪುರ, ಸೊರಬದ ಹಾಸ್ಟೆಲ್‌ಗಳಿಗೆ ಹೋದಾಗೆಲ್ಲ ಹುಡುಗರು ಕೇಳೋದು ಒಂದೇ: "ಅಣ್ಣಾ, ಲೀಡರ್ ಆಗೋಕೆ ಅಪ್ಪನೂ ಲೀಡರ್ ಆಗಿರಬೇಕಾ?" ಹಂಗೇನಿಲ್ಲ ಅನ್ನೋಕೆ ನಂಗೂ ಆಸೆ. ಆದರೆ ಪಟ್ಟಿ ನೋಡಿ.

1971ರಲ್ಲಿ ಇಂದಿರಾ ಗಾಂಧಿ ಎನ್‌ಎಸ್‌ಯುಐ ಕಟ್ಟಿದರು. ಮೊದಲ ಅಧ್ಯಕ್ಷ ರಂಗರಾಜನ್ ಕುಮಾರಮಂಗಲಂ. ಅವರ ಅಪ್ಪ ಮೋಹನ್ ಕುಮಾರಮಂಗಲಂ ಕೇಂದ್ರ ಮಂತ್ರಿ. ಇವರು ಮುಂದೆ ಬಿಜೆಪಿ ಸೇರಿ ವಾಜಪೇಯಿ ಸಂಪುಟದಲ್ಲಿ ಮಂತ್ರಿಯಾದರು. ನಂತರದ ಅಧ್ಯಕ್ಷರಲ್ಲಿ ಮುಕುಲ್ ವಾಸ್ನಿಕ್ ನಮ್ಮವರು, ದಲಿತರು. 1984ರಲ್ಲಿ, 25ನೇ ವಯಸ್ಸಿಗೇ ಲೋಕಸಭೆಗೆ ಹೋದರು. ಖುಷಿ ಪಡೋಣ. ಆದರೆ ಅವರ ಅಪ್ಪ ಬಾಲಕೃಷ್ಣ ವಾಸ್ನಿಕ್ ಕೂಡ ಸಂಸದರೇ.

ಇನ್ನೊಂದು ದಾರಿಯೂ ಇದೆ. ಜೆಎನ್‌ಯುನಲ್ಲಿ ಹುಡುಗರ ಓಟು ಗೆದ್ದ ಸೀತಾರಾಮ್ ಯೆಚೂರಿ ಆಮೇಲೆ ಎಸ್‌ಎಫ್‌ಐ ಅಧ್ಯಕ್ಷರಾದರು. ಅಪ್ಪನ ಹೆಸರಿಲ್ಲದವರಿಗೆ ಮೊದಲ ಮೆಟ್ಟಿಲು ಕ್ಯಾಂಪಸ್ ಚುನಾವಣೆ. ನಮ್ಮಲ್ಲಿ ಆ ಮೆಟ್ಟಿಲನ್ನೇ ಕಿತ್ತಿದ್ದಾರೆ. 1989-90ರಿಂದ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿದೆ. ಕಾರಣ ಕೇಳಿದ್ರೆ ಗಲಾಟೆ ಆಗುತ್ತೆ ಅಂತಾರೆ. ಗ್ರಾಮ ಪಂಚಾಯ್ತಿ ಚುನಾವಣೇಲಿ ಗಲಾಟೆ ಆಗಲ್ವಾ? ಅದನ್ನ ನಿಲ್ಲಿಸಿದ್ದಾರಾ? ಚುನಾವಣೆ ಹೇಗೆ ನಡೆಸಬೇಕು ಅಂತ ಲಿಂಗ್ಡೋ ಸಮಿತಿ 2006ರಲ್ಲೇ ನಿಯಮ ಬರೆದುಕೊಟ್ಟಿದೆ.

ನಮ್ಮ ಈ ಎರಡು ತಾಲ್ಲೂಕು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಸೊರಬದ ಬಂಗಾರಪ್ಪ, ಶಿಕಾರಿಪುರದ ಯಡಿಯೂರಪ್ಪ. ಇಬ್ಬರೂ ಹೋರಾಟದಿಂದ ಬಂದವರೇ. ಆದರೆ ಇಬ್ಬರ ಕಾಲದಲ್ಲೂ ಕಾಲೇಜು ಹುಡುಗರ ಓಟು ವಾಪಸ್ ಬರಲಿಲ್ಲ.

ಓಟಿಲ್ಲದಿದ್ರೆ ಏನಾಗುತ್ತೆ ಅಂತ ನಾನು ಅನುಭವಿಸಿದ್ದೀನಿ. ಡಿಗ್ರಿ ಓದುವಾಗ ಹಾಸ್ಟೆಲ್ ಅನ್ನದಲ್ಲಿ ಹುಳ ಬಂತು ಅಂತ ಅರ್ಜಿ ಹಿಡಿದು ಹೋದೆ. "ನೀನ್ಯಾರು ಕೇಳೋಕೆ?" ಅಂದರು. ಗೆದ್ದು ಬಂದ ಪ್ರತಿನಿಧಿ ಒಬ್ಬ ಇದ್ದಿದ್ರೆ ಆ ಪ್ರಶ್ನೆಗೆ ಜಾಗವೇ ಇರ್ತಿರಲಿಲ್ಲ.

ಹಂಗಂತ ನಮ್ಮವರು ಸುಮ್ಮನೆ ಕೂತಿರಲಿಲ್ಲ. 1973ರ ಬೂಸಾ ಗಲಾಟೇಲಿ ಬಸವಲಿಂಗಪ್ಪನವರ ಪರ ನಿಂತು ಏಟು ತಿಂದವರು ದಲಿತ ವಿದ್ಯಾರ್ಥಿಗಳು. ಆ ಕಿಚ್ಚಿನಿಂದಲೇ ದಲಿತ ಸಂಘರ್ಷ ಸಮಿತಿ ಬೆಳೀತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ನಮ್ಮ ಪಕ್ಕದ ಭದ್ರಾವತಿಯಲ್ಲಿ ಪಾಠ ಹೇಳ್ತಿದ್ದ ಮೇಷ್ಟ್ರು. 1986ರಲ್ಲಿ ಸೊರಬದ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದ ಕಾರ್ಯಕರ್ತರನ್ನು ಹೊಡೆದು ಬೆತ್ತಲೆ ಮಾಡಿದರು. ಆದರೂ ಕೊನೆಗೆ ಆ ಸೇವೆಗೆ ನಿಷೇಧ ಬಂತು. ಇವರಲ್ಲಿ ಎಷ್ಟೋ ಜನರ ಹೆಸರು ಯಾವ ಮಾಜಿ ಅಧ್ಯಕ್ಷರ ಪಟ್ಟಿಯಲ್ಲೂ ಇಲ್ಲ.

ಆದರೆ ಪ್ರತಿ ಸಲವೂ ನಮ್ಮ ಹುಡುಗರೇ ಬೀದೀಲಿ ಏಟು ತಿಂದು ನಾಯಕರಾಗಬೇಕಾ? ಓಟು ಹಾಕಿಸಿಕೊಂಡು ಆಗಬಾರದಾ? ಅದಕ್ಕೇ ಹೇಳ್ತಿರೋದು: ಕಾಲೇಜು ಚುನಾವಣೆ ಬೇಕು, ಅದರಲ್ಲಿ ದಲಿತ ವಿದ್ಯಾರ್ಥಿಗಳಿಗೆ, ಹೆಣ್ಣುಮಕ್ಕಳಿಗೆ ಮೀಸಲು ಸ್ಥಾನ ಬೇಕು. ಈ ಸಲ ಓಟು ಕೇಳೋಕೆ ಬರುವವರನ್ನು ಮನೆ ಬಾಗಿಲಲ್ಲೇ ನಿಲ್ಲಿಸಿ ಕೇಳಿ: ನಿಮಗೆ ನಮ್ಮ ಓಟು ಬೇಕು, ನಮ್ಮ ಮಕ್ಕಳಿಗೆ ಓಟು ಯಾಕೆ ಬೇಡ?

ಜೈಭೀಮ್.